ಹಾರಲಾರದ ನೊಣ ಹೇಳುವ ಕಥೆ: ಸ್ನಾಯು ಕಟ್ಟುವ ಜೀನುಗಳನ್ನು ಜರಡಿ ಹಿಡಿಯುವುದು ಹೇಗೆ?

ಉದ್ದನೆಯ ಪಾರದರ್ಶಕ ಕೊಳವೆಯೊಂದನ್ನು ನೆಟ್ಟಗೆ ನಿಲ್ಲಿಸಿ ಒಳಗೋಡೆಗೆಲ್ಲ ಪ್ಯಾರಾಫಿನ್ ಎಣ್ಣೆ ಸವರಿರುತ್ತಾರೆ. ಮೇಲಿನ ಬಾಯಿಗೆ ಒಂದು ಲಾಳಿಕೆ. ಸೀಸೆಯಲ್ಲಿರುವ ಹಣ್ಣುನೊಣಗಳನ್ನು ಆ ಲಾಳಿಕೆಯೊಳಕ್ಕೆ ತಟ್ಟಿ ಕೆಡವುತ್ತಾರೆ. ಗಟ್ಟಿಮುಟ್ಟಾದ ನೊಣ ಬೀಳುತ್ತಿರುವಾಗಲೇ ರೆಕ್ಕೆ ಬಿಚ್ಚಿ ಪಕ್ಕಕ್ಕೆ ಹಾರಿ, ಕೊಳವೆಯ ಮೇಲ್ಭಾಗದಲ್ಲೇ ಗೋಡೆಗೆ ಅಂಟಿಕೊಳ್ಳುತ್ತದೆ. ಅರೆಬರೆ ಹಾರುವಂಥದ್ದು ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ. ಹಾರಲಾರದ್ದು ಕಲ್ಲಿನಂತೆ ನೇರ ತಳಕ್ಕೆ. 1970ರ ದಶಕದಲ್ಲಿ ಸೀಮೋರ್ ಬೆನ್ಜರ್ ಬಳಕೆಗೆ ತಂದ ಈ ಸರಳ ಉಪಾಯ ಇವತ್ತಿಗೂ ಹಳತಾಗಿಲ್ಲ. ಒಂದೆರಡು ಸೆಕೆಂಡಿನಲ್ಲಿ ಇಡೀ ಸೀಸೆಯ ನೊಣಗಳ ಹಾರುವ ಶಕ್ತಿ ಎಷ್ಟೆಂದು ಗೋಡೆಯ ಮೇಲೆ ಬರೆದಂತೆ ಕಾಣುತ್ತದೆ.

ಸಂಶೋಧಕರಿಗೆ ಬೇಕಾದದ್ದು ತಳಕ್ಕೆ ಬಿದ್ದವು. ಅವುಗಳಲ್ಲಿ ಯಾವುದೋ ಜೀನ್ ಕೆಟ್ಟಿದೆ, ಹಾಗಾಗಿ ಹಾರುವ ಸ್ನಾಯು ಬೆಳೆದಿಲ್ಲ ಅಥವಾ ಬೆಳೆದೂ ಕೆಲಸ ಮಾಡುತ್ತಿಲ್ಲ ಎಂಬುದು ಮೊದಲ ಗುಮಾನಿ. ರೆಕ್ಕೆಯೇ ಸೊಟ್ಟಗಿರಬಹುದಲ್ಲ, ನರ ಕೆಟ್ಟಿರಬಹುದಲ್ಲ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಅದಕ್ಕೆ ಆಮೇಲೆ ಬರೋಣ.

ಈ ಕೆಲಸಕ್ಕೆ ಜೆನೆಟಿಕ್ ಸ್ಕ್ರೀನಿಂಗ್ ಎಂದು ಹೆಸರು. ಆಸ್ಪತ್ರೆಯಲ್ಲಿ ಮಗುವಿನ ರಕ್ತ ತೆಗೆದು ಕಾಯಿಲೆಯ ಜೀನ್ ಇದೆಯೇ ಎಂದು ನೋಡುವುದಕ್ಕೂ ಇದೇ ಹೆಸರಿದೆ, ಆದರೆ ಅದು ಬೇರೆ, ಇದು ಬೇರೆ. ಅಲ್ಲಿ ಹುಡುಕುತ್ತಿರುವ ಜೀನ್ ಯಾವುದೆಂದು ಮೊದಲೇ ಗೊತ್ತಿರುತ್ತದೆ. ಇಲ್ಲಿ ಗೊತ್ತಿಲ್ಲದಿರುವುದೇ ಆಟದ ನಿಯಮ. ಕನ್ನಡದಲ್ಲಿ ‘ಜರಡಿ ಹಿಡಿಯುವುದು’ ಎಂದರೆ ಅರ್ಥ ಇನ್ನೂ ಚೆನ್ನಾಗಿ ಕೂರುತ್ತದೆ. ಜರಡಿಯಲ್ಲಿ ಏನು ಉಳಿಯಿತು, ಏನು ಸೋರಿಹೋಯಿತು ಎನ್ನುವುದರಲ್ಲಿ ಕಾಳಿನಷ್ಟೇ ಪಾತ್ರ ಜರಡಿಯ ಕಣ್ಣಿನದ್ದೂ ಇರುತ್ತದೆ. ಸ್ನಾಯುವಿನ ಜೀನುಗಳ ವಿಚಾರದಲ್ಲಿ ಈ ಮಾತನ್ನು ಮರೆತರೆ ಬಂದ ಫಲಿತಾಂಶವನ್ನೆಲ್ಲ ತಪ್ಪಾಗಿ ಓದುವ ಅಪಾಯವಿದೆ.

ಹಣ್ಣುನೊಣದಲ್ಲಿ, ಎಂದರೆ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್‌ನಲ್ಲಿ, ಪ್ರೋಟೀನು ತಯಾರಿಸುವ ಜೀನುಗಳು ಸುಮಾರು 14,000. ಇವುಗಳಲ್ಲಿ ಸ್ನಾಯು ಕಟ್ಟುವುದಕ್ಕೆ ಬೇಕಾದವು ಯಾವುವು? ಒಂದೊಂದನ್ನೇ ಊಹಿಸಿ ಪರೀಕ್ಷಿಸುತ್ತ ಹೋದರೆ ನಮಗೆ ಮೊದಲೇ ಅನುಮಾನವಿದ್ದವು ಮಾತ್ರ ಸಿಗುತ್ತವೆ. ಜರಡಿಯ ದಾರಿ ತದ್ವಿರುದ್ಧ. ಮೊದಲು ಕಣ್ಣುಮುಚ್ಚಿ ಕೆಡಿಸು, ಸ್ನಾಯು ಹಾಳಾದ ನೊಣವನ್ನು ಆರಿಸು, ಕೆಟ್ಟದ್ದು ಯಾವ ಜೀನ್ ಎಂದು ಕೊನೆಗೆ ಪತ್ತೆ ಮಾಡು. ಹೀಗೆ ಸಿಕ್ಕಿದ ಜೀನುಗಳ ಹೆಸರುಗಳೂ ಅದಕ್ಕೆ ತಕ್ಕಂತೆ ತಲೆಕೆಳಗು. ‘ವೈಟ್’ ಎಂಬ ಜೀನ್ ಸರಿಯಾಗಿದ್ದರೆ ಕಣ್ಣು ಕೆಂಪಾಗಿರುತ್ತದೆ, ಕೆಟ್ಟರೆ ಬಿಳಿ. ಹೃದಯ ರೂಪುಗೊಳ್ಳಲು ಬೇಕೇಬೇಕಾದ ಜೀನಿಗೆ ‘ಟಿನ್‌ಮ್ಯಾನ್’ ಎಂದು ಹೆಸರು, ‘ವಿಝರ್ಡ್ ಆಫ್ ಆಜ್’ ಕಥೆಯಲ್ಲಿ ಬರುವ ಹೃದಯವಿಲ್ಲದ ತಗಡಿನ ಮನುಷ್ಯನ ನೆನಪಿಗೆ. ನೊಣದ ಜೀನುಗಳ ಹೆಸರನ್ನು ಕೇಳಿದಾಗೆಲ್ಲ ‘ಇದಿಲ್ಲದಿದ್ದರೆ ಹೀಗಾಗುತ್ತದೆ’ ಎಂದು ಓದಿಕೊಳ್ಳಬೇಕು.

ನೊಣವೇ ಏಕೆ ಎಂಬುದು ಸಾಕಷ್ಟು ಸಲ ಹೇಳಿಯಾದ ಕಥೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆಯಿಂದ ಪ್ರೌಢ ನೊಣಕ್ಕೆ ಸುಮಾರು 10 ದಿನ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಕ್ರೋಮೋಸೋಮು ನಾಲ್ಕೇ ಜೊತೆ. ಥಾಮಸ್ ಹಂಟ್ ಮಾರ್ಗನ್ 1910ರಲ್ಲಿ ಬಿಳಿಗಣ್ಣಿನ ನೊಣವನ್ನು ಕಂಡಾಗ ಅಂಥ ಬದಲಾವಣೆ ತಾನಾಗಿಯೇ ಆಗುವುದನ್ನು ಕಾಯಬೇಕಿತ್ತು. 1927ರಲ್ಲಿ ಹರ್ಮನ್ ಮುಲ್ಲರ್ ಎಕ್ಸ್‌-ರೇ ಹಾಯಿಸಿದರೆ ಮ್ಯುಟೇಶನ್ನುಗಳು, ಎಂದರೆ ಜೀನಿನ ಬದಲಾವಣೆಗಳು, ಬೇಕಾದಷ್ಟು ಬರುತ್ತವೆ ಎಂದು ತೋರಿಸಿದ ಮೇಲೆ ಕಾಯುವ ಕೆಲಸ ತಪ್ಪಿತು.

ಜರಡಿಗೆ ಕೈ ಹಾಕುವ ಮುನ್ನ ನೊಣದ ಸ್ನಾಯುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೊಣ ಸ್ನಾಯುವನ್ನು ಎರಡು ಸಲ ಕಟ್ಟುತ್ತದೆ. ಮೊದಲನೆಯದು ಮೊಟ್ಟೆಯೊಳಗೆ, ತೆವಳುವ ಮರಿಹುಳುವಿಗಾಗಿ. ಎರಡನೆಯದು ಪ್ಯೂಪಾ ಒಳಗೆ, ಎಂದರೆ ಮರಿಹುಳು ನೊಣವಾಗಿ ಬದಲಾಗುವ ಗೂಡಿನೊಳಗೆ, ನಡೆದು ಹಾರುವ ನೊಣಕ್ಕಾಗಿ.

ಅರ್ಧ ಮಿಲಿಮೀಟರ್ ಉದ್ದದ ಭ್ರೂಣದಲ್ಲಿ, ಹೊಟ್ಟೆಯ ಬಹುತೇಕ ಖಂಡಗಳ ಒಂದೊಂದು ಪಕ್ಕಕ್ಕೆ 30 ಸ್ನಾಯುಗಳು ಇರುತ್ತವೆ. ಸುಮಾರಲ್ಲ, ಲೆಕ್ಕ ಹಾಕಿದಂತೆ ಮೂವತ್ತು. ಪ್ರತಿಯೊಂದಕ್ಕೂ ತನ್ನದೇ ಜಾಗ, ತನ್ನದೇ ಓರೆ, ಹೆಸರು ಸಹ ಇದೆ. ನಮ್ಮ ತೋಳಿನ ಸ್ನಾಯುವಿನಲ್ಲಿ ಸಾವಿರಾರು ಎಳೆಗಳಿದ್ದರೆ ಇಲ್ಲಿ ಒಂದು ಸ್ನಾಯು ಎಂದರೆ ಒಂದೇ ಎಳೆ. ಆ ಎಳೆ ಹುಟ್ಟುವ ಬಗೆಯನ್ನು ಮೈಕೆಲ್ ಬೇಟ್ 1990ರಲ್ಲಿ ವಿವರಿಸಿದರು. ಪ್ರತಿ ಸ್ನಾಯುವಿಗೂ ಒಂದು ‘ಸ್ಥಾಪಕ ಕೋಶ’ ಇರುತ್ತದೆ, ತಾನು ಯಾವ ಸ್ನಾಯು ಆಗಬೇಕು ಎಂಬುದು ಅದಕ್ಕೆ ಗೊತ್ತು. ಸುತ್ತ ಇನ್ನೊಂದು ಬಗೆಯ ಕೋಶಗಳ ಗುಂಪು, ಇವಕ್ಕೆ ಸ್ವಂತ ಗುರುತಿಲ್ಲ, ಯಾವ ಸ್ಥಾಪಕ ಕೋಶ ಸಿಕ್ಕರೂ ಹೋಗಿ ಬೆರೆತುಬಿಡಲು ಸಿದ್ಧ. ಸ್ಥಾಪಕ ಕೋಶದೊಳಕ್ಕೆ ಅವು ಒಂದೊಂದಾಗಿ ಸೇರಿಕೊಳ್ಳುತ್ತ ಹೋದಂತೆ ಎಳೆ ಉದ್ದವಾಗಿ ದಪ್ಪವಾಗುತ್ತದೆ. ಕೊನೆಗೆ ಕೆಲವು ಸ್ನಾಯುಗಳಲ್ಲಿ ಮೂರ್ನಾಲ್ಕು ಕೋಶಕೇಂದ್ರಗಳಿದ್ದರೆ ಕೆಲವಲ್ಲಿ ಇಪ್ಪತ್ತಕ್ಕೂ ಹೆಚ್ಚು. ಎರಡು ಜೀವಕೋಶಗಳು ಪೊರೆ ಹರಿದು ಒಂದಾಗುವುದು ದೇಹದಲ್ಲಿ ದಿನಬೆಳಗಾದರೆ ನಡೆಯುವ ಸಂಗತಿಯಲ್ಲ. ಇದನ್ನು ನಡೆಸುವ ಜೀನುಗಳು ಯಾವುವು ಎಂಬುದೇ ಭ್ರೂಣದ ಜರಡಿಗಳು ಕೇಳಿದ ಮುಖ್ಯ ಪ್ರಶ್ನೆ.

ಈಗ ಪ್ರಯೋಗಾಲಯದ ಮೇಜಿಗೆ ಬರೋಣ. ಎಕ್ಸ್‌-ರೇಗಿಂತ ಅಗ್ಗವೂ ನಾಜೂಕೂ ಆದ ದಾರಿ ಇಎಂಎಸ್ ಎಂಬ ರಾಸಾಯನಿಕ. ಗಂಡು ನೊಣಗಳನ್ನು ಉಪವಾಸ ಕೆಡವಿ, ಇಎಂಎಸ್ ಬೆರೆಸಿದ ಸಕ್ಕರೆ ನೀರನ್ನು ಒಂದು ರಾತ್ರಿ ಕುಡಿಯಲು ಬಿಡುತ್ತಾರೆ. ಅದು ಡಿಎನ್‌ಎಯ ಒಂದು ಅಕ್ಷರವನ್ನು, ಮುಖ್ಯವಾಗಿ ಗ್ವಾನಿನ್ ಅನ್ನು, ತಪ್ಪಾಗಿ ಓದುವಂತೆ ಮಾಡುತ್ತದೆ. ಪುಸ್ತಕ ಹರಿಯುವುದಿಲ್ಲ, ಅಲ್ಲೊಂದು ಇಲ್ಲೊಂದು ಅಚ್ಚಿನ ತಪ್ಪು ನುಸುಳುತ್ತದೆ. ಒಂದೊಂದು ವೀರ್ಯಾಣುವಿನಲ್ಲೂ ತಪ್ಪುಗಳು ಬೇರೆ ಬೇರೆ.

ತೊಡಕು ಇರುವುದು ಇಲ್ಲೇ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಸಾಮಾನ್ಯವಾಗಿ ಇನ್ನೊಂದು ಕೆಲಸ ನಿಭಾಯಿಸುತ್ತದೆ. ಎರಡೂ ಕೆಟ್ಟರೆ ಮಾತ್ರ ದೋಷ ಹೊರಗೆ ಕಾಣುತ್ತದೆ. ಆದರೆ ಎರಡೂ ಕೆಟ್ಟ ಭ್ರೂಣ ಸತ್ತೇಹೋದರೆ ಆ ತಳಿಯನ್ನು ಉಳಿಸಿಕೊಳ್ಳುವುದು ಹೇಗೆ? ನೊಣ ಸಾಕುವವರ ಬಳಿ ಇದಕ್ಕೊಂದು ಸೊಗಸಾದ ಸಾಧನವಿದೆ: ಬ್ಯಾಲೆನ್ಸರ್ ಕ್ರೋಮೋಸೋಮು. ಇದರ ತುಣುಕುಗಳನ್ನು ಹಿಂದುಮುಂದು ತಿರುಗಿಸಿ ಜೋಡಿಸಿರುವುದರಿಂದ ಜೊತೆಯ ಕ್ರೋಮೋಸೋಮಿನೊಂದಿಗೆ ಕೊಡುಕೊಳ್ಳುವಿಕೆ ನಡೆದು ಬದುಕುಳಿದ ಮರಿ ಸಿಗುವುದಿಲ್ಲ, ಹಾಗಾಗಿ ಕೆಟ್ಟ ಪ್ರತಿ ಕಲಬೆರಕೆಯಾಗದೆ ಇದ್ದ ಹಾಗೇ ಇರುತ್ತದೆ. ಬ್ಯಾಲೆನ್ಸರನ್ನು ಹೊತ್ತ ನೊಣಕ್ಕೆ ಕಣ್ಣಿಗೆ ಕಾಣುವ ಗುರುತು ಇರುತ್ತದೆ. ಎರಡನೇ ಕ್ರೋಮೋಸೋಮಿನ ‘ಸಿವೈಒ’ ಎಂಬ ಬ್ಯಾಲೆನ್ಸರನ್ನು ಹೊತ್ತ ನೊಣದ ರೆಕ್ಕೆ ಮೇಲಕ್ಕೆ ಸುರುಳಿ ಸುತ್ತಿಕೊಂಡಿರುತ್ತದೆ. ಬ್ಯಾಲೆನ್ಸರಿನ ಎರಡು ಪ್ರತಿ ಬಂದರೆ ನೊಣ ಬದುಕುವುದಿಲ್ಲ.

ಇಎಂಎಸ್ ಕುಡಿದ ಗಂಡುಗಳನ್ನು ಬ್ಯಾಲೆನ್ಸರ್ ಹೆಣ್ಣುಗಳೊಂದಿಗೆ ಕೂಡಿಸುತ್ತಾರೆ. ಹುಟ್ಟಿದ ಒಂದೊಂದು ಗಂಡುಮರಿಯೂ ಕೆಟ್ಟ ಕ್ರೋಮೋಸೋಮಿನ ಒಂದೊಂದು ಆವೃತ್ತಿ. ಒಂದೊಂದನ್ನೂ ಪ್ರತ್ಯೇಕ ಸೀಸೆಗೆ ಹಾಕಿ ಮತ್ತೆ ಬ್ಯಾಲೆನ್ಸರ್ ಹೆಣ್ಣಿನೊಂದಿಗೆ ಬಿಡುತ್ತಾರೆ. ಆ ಸೀಸೆಯಲ್ಲಿ ಹುಟ್ಟಿದ ಸುರುಳಿ ರೆಕ್ಕೆಯ ಅಣ್ಣತಂಗಿಯರನ್ನು ಕೂಡಿಸಿದರೆ ಮೂರನೇ ಪೀಳಿಗೆಯ ಕಾಲು ಭಾಗ ಮರಿಗಳಿಗೆ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದಿರುತ್ತದೆ. ನೋಡುವ ಕೆಲಸ ಸುಲಭ. ಕಾರ್ಬನ್ ಡೈಆಕ್ಸೈಡ್ ಹಾಯಿಸಿ ನೊಣಗಳಿಗೆ ಮಂಪರು ಬರಿಸಿ, ಬಿಳಿ ತಟ್ಟೆಯ ಮೇಲೆ ಸುರಿದು, ಸಣ್ಣ ಬ್ರಷ್ಷಿನ ತುದಿಯಿಂದ ಆ ಕಡೆ ಈ ಕಡೆ ತಳ್ಳುತ್ತ ಹೋಗಬೇಕು: ಸುರುಳಿ, ಸುರುಳಿ, ಸುರುಳಿ. ಒಂದೂ ನೇರ ರೆಕ್ಕೆಯ ನೊಣ ಕಾಣದಿದ್ದರೆ ಆ ಸೀಸೆಯ ಕ್ರೋಮೋಸೋಮಿನಲ್ಲಿ ಪ್ರಾಣಕ್ಕೇ ಎರವಾಗುವ ತಪ್ಪು ಇದೆ ಎಂದರ್ಥ. ಸುರುಳಿ ರೆಕ್ಕೆಯವೇ ಆ ತಪ್ಪನ್ನು ಹೊತ್ತು ತಳಿಯನ್ನು ಮುಂದುವರಿಸುತ್ತವೆ. ಸಾವಿರಾರು ಸೀಸೆಗಳಿಗೆ ಇದನ್ನೇ ಮಾಡಬೇಕು. ಪ್ರತಿ ಕೂಡಿಕೆಗೂ ಗಂಡಿನ ಸಂಗ ಮಾಡದ ಹೆಣ್ಣೇ ಬೇಕು, ಅದನ್ನು ಪ್ಯೂಪಾದಿಂದ ಹೊರಬಂದ ಎಂಟು ಗಂಟೆಯೊಳಗೆ ಆರಿಸಿಟ್ಟಿರಬೇಕು. ಜೆನೆಟಿಕ್ಸ್ ಎಂದರೆ ಬುದ್ಧಿವಂತಿಕೆಯ ಕೆಲಸ ಎಂದು ತಿಳಿದವರು ಒಂದು ವಾರ ಈ ಮೇಜಿನ ಮುಂದೆ ಕೂತರೆ ಅದು ಮುಖ್ಯವಾಗಿ ಸೊಂಟದ ಕೆಲಸ ಎಂಬುದು ಗೊತ್ತಾಗುತ್ತದೆ.

ಈ ಬಗೆಯ ಜರಡಿಗೆ ಮಾದರಿ ಹಾಕಿಕೊಟ್ಟವರು ಹೈಡೆಲ್‌ಬರ್ಗ್‌ನಲ್ಲಿದ್ದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಎರಿಕ್ ವೀಶಾಸ್. ಮರಿಹುಳುವಿನ ಮೈಯ ಖಂಡಗಳನ್ನು ರೂಪಿಸುವ 15 ಜೀನುಗಳನ್ನು ಅವರು 1980ರಲ್ಲಿ ಪ್ರಕಟಿಸಿದರು, 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆ ನೊಬೆಲ್ ಪಡೆದರು. ಅವರು ನೋಡಿದ್ದು ಸತ್ತ ಭ್ರೂಣದ ಹೊರಚರ್ಮವನ್ನು. ಚರ್ಮದ ಮೇಲೆ ಸಾಲು ಸಾಲು ಮುಳ್ಳುಗಳಿರುತ್ತವೆ, ಖಂಡವೊಂದು ಕಾಣೆಯಾದರೆ ಸೂಕ್ಷ್ಮದರ್ಶಕದಲ್ಲಿ ತಕ್ಷಣ ತಿಳಿಯುತ್ತದೆ. ಆದರೆ ಸ್ನಾಯು ಇರುವುದು ಚರ್ಮದ ಕೆಳಗೆ. ಚರ್ಮ ಚೆನ್ನಾಗಿದ್ದು ಸ್ನಾಯು ಹಾಳಾಗಿದ್ದರೆ ಆ ಭ್ರೂಣ ಈ ಜರಡಿಯ ಕಣ್ಣಿನಿಂದ ಸೋರಿಹೋಗುತ್ತದೆ.

ಹಾಗಾಗಿ ಸ್ನಾಯುವಿಗೆ ಬೇರೆ ಕಣ್ಣು ಬೇಕಾಯಿತು. ಸ್ನಾಯುವಿನೊಳಗಿನ ತಂತುಗಳು ಒಂದೇ ದಿಕ್ಕಿಗೆ ಶಿಸ್ತಾಗಿ ಜೋಡಿಕೊಂಡಿರುವುದರಿಂದ ಧ್ರುವೀಕೃತ ಬೆಳಕಿನಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಹೊಳೆಯುತ್ತವೆ. ಬಣ್ಣ ಹಾಕಬೇಕಿಲ್ಲ, ಕೊಯ್ಯಬೇಕಿಲ್ಲ. 1990ರ ದಶಕದ ಮೊದಲಲ್ಲಿ ಬೇಟ್ ಮತ್ತು ಸಂಗಡಿಗರು ಎಕ್ಸ್ ಕ್ರೋಮೋಸೋಮನ್ನು ಹೀಗೆ ಶೋಧಿಸಿದರು. ಮುಂದೆ ಮಿಣುಕುವ ಹಸಿರು ಪ್ರೋಟೀನನ್ನು ಸ್ನಾಯುವಿಗೇ ಅಂಟಿಸಿ ಜೀವಂತ ಭ್ರೂಣದಲ್ಲೇ ನೋಡುವುದು ಸಾಧ್ಯವಾಯಿತು. ಬ್ಯಾಲೆನ್ಸರಿಗೂ ಅಂಥ ಮಿಣುಕು ಗುರುತು ಬಂತು, ಮೊಟ್ಟೆಯೊಳಗಿನ ಭ್ರೂಣಕ್ಕೆ ಸುರುಳಿ ರೆಕ್ಕೆ ಇರುವುದಿಲ್ಲವಲ್ಲ.

ಈ ಜರಡಿಗಳಲ್ಲಿ ಮತ್ತೆ ಮತ್ತೆ ಕಂಡ ಒಂದು ನೋಟವನ್ನು ವಿವರಿಸಲೇಬೇಕು. ಕೆಲವು ತಳಿಗಳಲ್ಲಿ ದಪ್ಪ ಸ್ನಾಯುಗಳ ಬದಲು, ಅದೇ ಜಾಗದಲ್ಲಿ, ಅದೇ ಓರೆಯಲ್ಲಿ, ದಾರದಂಥ ತೆಳ್ಳನೆಯ ಎಳೆಗಳು. ಪ್ರತಿಯೊಂದರಲ್ಲೂ ಒಂದೇ ಕೋಶಕೇಂದ್ರ. ಸುತ್ತಲೂ ಎಲ್ಲೂ ಸೇರದೆ ಚೆಲ್ಲಾಪಿಲ್ಲಿಯಾಗಿ ಬಿದ್ದ ದುಂಡನೆಯ ಕೋಶಗಳು. ಮದುವೆಗೆ ಸಿದ್ಧವಾಗಿ ಬಂದು ಚಪ್ಪರದ ಹೊರಗೇ ನಿಂತಂತೆ. ಈ ಒಂದು ಚಿತ್ರ ಎರಡು ಸಂಗತಿ ಹೇಳುತ್ತದೆ. ಕೆಟ್ಟಿರುವುದು ಬೆರೆಯುವ ಹಂತ. ಜೊತೆಗೆ, ಯಾರೂ ಬಂದು ಸೇರದಿದ್ದರೂ ಸ್ಥಾಪಕ ಕೋಶ ತನ್ನ ಜಾಗದಲ್ಲಿ ತನ್ನ ಸ್ನಾಯುವಿನ ಕಿರು ಪ್ರತಿಯನ್ನು ಕಟ್ಟುತ್ತದೆ. ಬೇಟ್ ಅವರ ಸ್ಥಾಪಕ ಕೋಶದ ಮಾತಿಗೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕಿರಲಿಲ್ಲ.

ಹೀಗೆ ಸಿಕ್ಕ ಜೀನುಗಳ ಹೆಸರುಗಳಲ್ಲೇ ಸಂಶೋಧಕರ ತುಂಟತನ ಕಾಣುತ್ತದೆ: ‘ಮಯೋಬ್ಲಾಸ್ಟ್ ಸಿಟಿ’, ‘ಆ್ಯಂಟಿಸೋಷಿಯಲ್’, ‘ಸಿಂಗಲ್ಸ್ ಬಾರ್’, ‘ಸ್ಟಿಕ್ಸ್ ಆ್ಯಂಡ್ ಸ್ಟೋನ್ಸ್’. ಕೊನೆಯದು, ಎಂದರೆ ‘ಕಡ್ಡಿಗಳು ಮತ್ತು ಕಲ್ಲುಗಳು’, ತೆಳ್ಳನೆ ಎಳೆ ಮತ್ತು ದುಂಡು ಕೋಶಗಳ ಆ ನೋಟವನ್ನೇ ಕಣ್ಣಿಗೆ ಕಟ್ಟುವಂತಿದೆ. ಅದರ ಪ್ರೋಟೀನು ಬೆರೆಯಲು ಬರುವ ಕೋಶದ ಮೈಮೇಲಿದ್ದು ಸ್ಥಾಪಕ ಕೋಶದ ಮೈಮೇಲಿನ ಇನ್ನೊಂದು ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಹಿಡಿತ ಸಿಕ್ಕ ಕೂಡಲೇ ಬಂದ ಕೋಶ ಆ್ಯಕ್ಟಿನ್ ಎಂಬ ಪ್ರೋಟೀನಿನ ತಂತುಗಳನ್ನು ಒಟ್ಟುಮಾಡಿ ಬೆರಳಿನಂಥ ಚಾಚುಗಳನ್ನು ಸ್ಥಾಪಕ ಕೋಶದೊಳಕ್ಕೆ ನುಗ್ಗಿಸುತ್ತದೆ. ‘ಮಯೋಬ್ಲಾಸ್ಟ್ ಸಿಟಿ’ ಮೊದಲಾದವು ಆ ತಂತುಗಳ ಮೇಸ್ತ್ರಿಗಳು. ಸ್ಟಿಕ್ಸ್ ಆ್ಯಂಡ್ ಸ್ಟೋನ್ಸ್‌ನ ನೆಂಟ ಮನುಷ್ಯನಲ್ಲಿ ನೆಫ್ರಿನ್ ಎಂಬ ಪ್ರೋಟೀನು, ಅದರ ಪ್ರಸಿದ್ಧ ಕೆಲಸ ಇರುವುದು ಮೂತ್ರಪಿಂಡದ ಸೋಸುಪೊರೆಯಲ್ಲಿ. ವಿಕಾಸ ಹಳೆ ಸಾಮಾನನ್ನು ಎಸೆಯುವುದಿಲ್ಲ, ಇನ್ನೊಂದು ಕೋಣೆಯಲ್ಲಿ ಬಳಸುತ್ತದೆ.

ಇಬ್ಬರ ಜರಡಿಯಲ್ಲಿ ಒಂದೇ ತರಹದ ಎರಡು ತಳಿ ಸಿಕ್ಕರೆ ಕೆಟ್ಟಿರುವುದು ಒಂದೇ ಜೀನೋ ಬೇರೆ ಬೇರೆಯೋ? ಎರಡನ್ನೂ ಕೂಡಿಸಿದರಾಯಿತು. ಮರಿ ಸರಿಯಾಗಿದ್ದರೆ ಬೇರೆ ಬೇರೆ ಜೀನ್, ಒಂದರ ಕೊರತೆಯನ್ನು ಇನ್ನೊಂದು ತಳಿಯ ಒಳ್ಳೆಯ ಪ್ರತಿ ತುಂಬಿದೆ. ಮರಿಯೂ ಕೆಟ್ಟಿದ್ದರೆ ಒಂದೇ ಜೀನ್. ಕಾಗದ, ಪೆನ್ಸಿಲ್ ಸಾಕಾಗುವ ಈ ಪರೀಕ್ಷೆ ಡಿಎನ್‌ಎ ಓದುವ ಯಂತ್ರಗಳು ಬಂದ ಮೇಲೂ ಕೆಲಸಕ್ಕೆ ಬರುತ್ತಿದೆ.

ಇನ್ನು ಸ್ಥಾಪಕ ಕೋಶದ ಮೈಮೇಲಿನ ಆ ‘ಇನ್ನೊಂದು ಪ್ರೋಟೀನು’. ಬೆರೆಯುವುದಕ್ಕೆ ಅಷ್ಟು ಅಗತ್ಯವಾದದ್ದು ಜರಡಿಯಲ್ಲಿ ಮೊದಲಿಗೇ ಸಿಗಬೇಕಿತ್ತಲ್ಲ? ಸಿಗಲಿಲ್ಲ. ಏಕೆಂದರೆ ಆ ಜಾಗದಲ್ಲಿ ಕೆಲಸ ಮಾಡುವುದು ಒಂದಲ್ಲ, ಎರಡು ಪ್ರೋಟೀನು: ‘ಡಂಬ್‌ಫೌಂಡೆಡ್’ ಮತ್ತು ‘ರಫೆಸ್ಟ್’. ಅಕ್ಕಪಕ್ಕದ ಜೀನುಗಳು, ಒಂದು ಇಲ್ಲದಿದ್ದರೆ ಇನ್ನೊಂದು ನೋಡಿಕೊಳ್ಳುತ್ತದೆ. ಯಾವುದೊಂದನ್ನು ಕೆಡಿಸಿದರೂ ಸ್ನಾಯು ಚೆನ್ನಾಗಿಯೇ ಬೆಳೆಯುತ್ತದೆ. ಎರಡನ್ನೂ ಒಟ್ಟಿಗೆ ಕಳೆದುಕೊಂಡ ಭ್ರೂಣದಲ್ಲಿ ಬೆರೆಯುವುದು ಪೂರ್ತಿ ನಿಂತುಹೋಗುತ್ತದೆ. ಕ್ರೋಮೋಸೋಮಿನ ಒಂದು ತುಂಡೇ ಬಿದ್ದುಹೋದ ತಳಿಗಳನ್ನು ಪರೀಕ್ಷಿಸಿದಾಗಲೇ ಈ ಗುಟ್ಟು ಹೊರಬಿದ್ದದ್ದು. ಒಂದೊಂದೇ ಅಕ್ಷರ ಕೆಡಿಸುವ ಇಎಂಎಸ್ ಜರಡಿಯನ್ನು ಎಷ್ಟು ವರ್ಷ ಅಲ್ಲಾಡಿಸಿದ್ದರೂ ಇವು ಸೋರಿಹೋಗುತ್ತಲೇ ಇದ್ದವು. ನೊಣದಲ್ಲಿ ಇಲ್ಲವೇ ಇಲ್ಲದ ಜೀನಿನ ಮಾತಂತೂ ಬಿಡಿ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಸ್ನಾಯುಕೋಶಗಳನ್ನು ಬೆಸೆಯುವ ‘ಮಯೋಮೇಕರ್’ ಎಂಬ ಪ್ರೋಟೀನು 2013ರಲ್ಲಿ ಇಲಿಯಲ್ಲಿ ಪತ್ತೆಯಾಯಿತು. ಹಣ್ಣುನೊಣದಲ್ಲಿ ಅದಿಲ್ಲ.

ಪ್ರೌಢ ನೊಣದ ಹಾರುವ ಸ್ನಾಯುವಿನ ಕಡೆಗೆ ಹೋದರೆ ಕಷ್ಟ ಬೇರೆ ತರಹದ್ದು. ಈ ಸ್ನಾಯುಗಳು ರೆಕ್ಕೆಗೆ ಅಂಟಿಕೊಂಡಿಲ್ಲ, ಎದೆಯ ಗೋಡೆಗೆ ಅಂಟಿಕೊಂಡಿವೆ. ಎದೆಗೂಡನ್ನೇ ಹಿಂಡಿ ಹಿಗ್ಗಿಸಿ ಸೆಕೆಂಡಿಗೆ ಸುಮಾರು 200 ಸಲ ರೆಕ್ಕೆ ಬಡಿಸುತ್ತವೆ. ಮರಿಹುಳುವಿನ ಸ್ನಾಯುಗಳಲ್ಲಿ ಬಹುಪಾಲು ಪ್ಯೂಪಾ ಒಳಗೆ ಕರಗಿಹೋಗುತ್ತವೆ. ಆದರೆ ಎದೆಯ ಎರಡೂ ಪಕ್ಕದಲ್ಲಿ ಮೂರು ಮೂರು ಉಳಿದುಕೊಂಡು, ಸೀಳಿ ಆರಾಗಿ, ಉದ್ದುದ್ದನೆಯ ಹಾರುವ ಸ್ನಾಯುಗಳಿಗೆ ಅಚ್ಚಾಗುತ್ತವೆ ಎಂದು ಕೆ. ವಿಜಯರಾಘವನ್, ಮೈಕೆಲ್ ಬೇಟ್ ಮತ್ತು ಸಂಗಡಿಗರು 1991ರಲ್ಲಿ ತೋರಿಸಿದರು. ಈ ಸ್ನಾಯುವನ್ನು ಕಟ್ಟುವ ಎಷ್ಟೋ ಜೀನುಗಳಿಗೆ ಭ್ರೂಣದಲ್ಲೂ ಕೆಲಸವಿರುತ್ತದೆ. ಅಂಥ ಜೀನ್ ಕೆಟ್ಟರೆ ನೊಣ ಮೊಟ್ಟೆಯಲ್ಲೇ ಸಾಯುತ್ತದೆ. ಹುಟ್ಟದ ನೊಣ ಹಾರುತ್ತದೋ ಇಲ್ಲವೋ ಎಂದು ನೋಡುವುದೆಲ್ಲಿ?

ಪರಿಹಾರ ಎರಡು ಕಡೆಯಿಂದ ಬಂತು. 1993ರಲ್ಲಿ ಆ್ಯಂಡ್ರಿಯಾ ಬ್ರ್ಯಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಯೀಸ್ಟ್‌ನ ಗ್ಯಾಲ್4 ಎಂಬ ಪ್ರೋಟೀನನ್ನು ನೊಣಕ್ಕೆ ಒಗ್ಗಿಸಿದರು. ಗ್ಯಾಲ್4 ಇರುವ ಕೋಶದಲ್ಲಿ ಮಾತ್ರ ನಾವು ಸೇರಿಸಿದ ಜೀನ್ ಚಾಲೂ ಆಗುತ್ತದೆ. ಒಂದು ನೊಣದಲ್ಲಿ ಸ್ವಿಚ್ಚು, ಇನ್ನೊಂದರಲ್ಲಿ ದೀಪ, ಎರಡನ್ನೂ ಕೂಡಿಸಿದರೆ ಮರಿಯಲ್ಲಿ ಬೇಕಾದ ಕೋಣೆಗೆ ಮಾತ್ರ ಬೆಳಕು. 1998ರಲ್ಲಿ ಆ್ಯಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ವಿವರಿಸಿದ ಆರ್‌ಎನ್‌ಎ ಇಂಟರ್‌ಫಿಯರೆನ್ಸ್ ಇನ್ನೊಂದು ಕಡೆ. ಜೀನಿನ ಸಂದೇಶಕ್ಕೆ ಹೊಂದುವ ಜೋಡಿ ಎಳೆಯ ಆರ್‌ಎನ್‌ಎ ಕೊಟ್ಟರೆ ಕೋಶ ತನ್ನ ಸಂದೇಶವನ್ನು ತಾನೇ ಚೂರು ಮಾಡಿಕೊಳ್ಳುತ್ತದೆ. ಎರಡನ್ನೂ ಜೋಡಿಸಿದ ನೊಣಗಳ ಭಂಡಾರವನ್ನು 2007ರಲ್ಲಿ ವಿಯೆನ್ನಾದವರು ಪ್ರಕಟಿಸಿದರು. ನೊಣದ ಶೇ. 88ರಷ್ಟು ಜೀನುಗಳಿಗೆ, ಒಂದೊಂದಕ್ಕೂ ಅದನ್ನು ಅಡಗಿಸುವ ತಳಿ ಅಲ್ಲಿತ್ತು. ಇನ್ನು ಕಣ್ಣುಮುಚ್ಚಿ ಕೆಡಿಸುವ ಅಗತ್ಯವೇ ಇಲ್ಲ. ಜೀನುಗಳ ಪಟ್ಟಿ ಹಿಡಿದು, ಸ್ನಾಯುವಿನಲ್ಲಿ ಮಾತ್ರ, ಒಂದೊಂದನ್ನೇ ಅಡಗಿಸುತ್ತ ಹೋಗಬಹುದು.

ಫ್ರಾಂಕ್ ಶ್ನೋರರ್ ಮತ್ತು ಸಂಗಡಿಗರು ಹಾಗೇ ಮಾಡಿದರು. ಹತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಒಂದೊಂದಾಗಿ ಸ್ನಾಯುವಿನಲ್ಲಿ ಅಡಗಿಸಿ, ಮರಿ ಬದುಕಿತೇ, ನೆಟ್ಟಗೆ ಓಡಾಡಿತೇ, ಹಾರಿತೇ ಎಂದು ನೋಡಿದರು. 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 2,785 ಜೀನುಗಳಿಗೆ ಸ್ನಾಯುವಿನಲ್ಲಿ ಪಾತ್ರವಿದೆ.

ಈ ಸಂಖ್ಯೆಯನ್ನು ಕಂಡು ಬೆರಗಾಗುವ ಮೊದಲು ಒಂದು ಕ್ಷಣ ನಿಲ್ಲಬೇಕು. ಯಾವ ಕೋಶಕ್ಕಾದರೂ ಪ್ರೋಟೀನು ಕಟ್ಟುವ ಯಂತ್ರ ಬೇಕು, ಶಕ್ತಿ ಕೊಡುವ ಮೈಟೊಕಾಂಡ್ರಿಯಾ ಬೇಕು. ಅವನ್ನು ಅಡಗಿಸಿದರೆ ಸ್ನಾಯುವೂ ಸಾಯುತ್ತದೆ, ಪಟ್ಟಿಗೂ ಸೇರುತ್ತದೆ. ವಿದ್ಯುತ್ ತಂತಿ ಕತ್ತರಿಸಿದರೆ ರೇಡಿಯೊ ನಿಲ್ಲುತ್ತದೆ ಎಂದ ಮಾತ್ರಕ್ಕೆ ತಂತಿ ಹಾಡುತ್ತಿತ್ತು ಎನ್ನಲಾಗದು. ಆರ್‌ಎನ್‌ಎ ವಿಧಾನ ಕೆಲವೊಮ್ಮೆ ಗುರಿ ತಪ್ಪಿ ಪಕ್ಕದ ಜೀನನ್ನೂ ಅಡಗಿಸುತ್ತದೆ, ಕೆಲವೊಮ್ಮೆ ಅಡಗಿಸಬೇಕಾದ್ದನ್ನು ಅರ್ಧಕ್ಕೇ ಬಿಡುತ್ತದೆ. ಹಾಗಾಗಿ ನಿಜವಾದ ಕೆಲಸ ಎರಡನೇ ಜರಡಿಯಲ್ಲಿದೆ: ಹಾರದ ನೊಣದ ಎದೆ ಸೀಳಿ, ಸ್ನಾಯುವಿನ ಪಟ್ಟೆಗಳು ಹೇಗಿವೆ ಎಂದು ಒಂದೊಂದನ್ನೇ ಸೂಕ್ಷ್ಮದರ್ಶಕದಲ್ಲಿ ನೋಡುವುದು. ನರದ ದೋಷವೋ ಸ್ನಾಯುವಿನ ದೋಷವೋ ಎಂಬ ಆರಂಭದ ತಕರಾರು ಇಲ್ಲಿ ತೀರುತ್ತದೆ. ಅದೇ ಕೆಲಸದಿಂದ ಬಂದ ಮುತ್ತು ‘ಸ್ಪಾಲ್ಟ್’ ಎಂಬ ಜೀನ್. ಅದಿಲ್ಲದಿದ್ದರೆ ಹಾರುವ ಸ್ನಾಯು ಬೆಳೆಯುತ್ತದೆ, ಆದರೆ ಕಾಲಿನ ಸ್ನಾಯುವಿನ ಹಾಗೆ ಕೊಳವೆಯಾಕಾರದಲ್ಲಿ. ಕಾಲಿನಲ್ಲಿ ಅದನ್ನು ಚಾಲೂ ಮಾಡಿದರೆ ಅಲ್ಲಿ ಹಾರುವ ಬಗೆಯ ಸ್ನಾಯು ಬರುತ್ತದೆ. ತೆಗೆದರೂ ಹಾಕಿದರೂ ಒಂದೇ ಉತ್ತರ ಬಂದಾಗ ಮಾತ್ರ ‘ಈ ಜೀನ್ ಇದನ್ನು ನಿರ್ಧರಿಸುತ್ತದೆ’ ಎಂದು ಧೈರ್ಯವಾಗಿ ಹೇಳಬಹುದು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಒಂದು ಹಿಂದುಮುಂದಾದ ಜರಡಿ. ಸ್ನಾಯು ಬಿಗಿಯುವುದು ಮಯೋಸಿನ್ ತಂತು ಆ್ಯಕ್ಟಿನ್ ತಂತುವನ್ನು ಎಳೆಯುವುದರಿಂದ. ಎಳೆಯಬೇಡ ಎಂದು ತಡೆಹಿಡಿಯುವ ಪ್ರೋಟೀನು ಟ್ರೊಪೋನಿನ್-ಐ. ನೊಣದಲ್ಲಿ ಅದರ ಜೀನಿಗೆ ‘ವಿಂಗ್ಸ್ ಅಪ್’ ಎಂದು ಹೆಸರು. ಅದರ ಒಂದು ಮ್ಯುಟೇಶನ್ನಿನಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾಗಿರುತ್ತದೆ, ಅಷ್ಟಕ್ಕೇ ತಡೆ ಸಡಿಲವಾಗಿ ಹಾರುವ ಸ್ನಾಯು ಬಿಗಿದು ಬಿಗಿದು ತನ್ನನ್ನು ತಾನೇ ಹರಿದುಕೊಳ್ಳುತ್ತದೆ. ನೊಣ ರೆಕ್ಕೆಗಳನ್ನು ಮಡಚಲಾರದೆ ಮೇಲಕ್ಕೆತ್ತಿ ನಿಲ್ಲುತ್ತದೆ. ಹಾರಲು ಬರದಿದ್ದರೂ ಸೀಸೆಯೊಳಗೆ ಅದರ ಸಂಸಾರ ನಡೆಯುತ್ತದೆ, ಪ್ರಯೋಗಾಲಯದ ನೊಣಕ್ಕೆ ಹಾರಲೇಬೇಕಾದ ದರ್ದಿಲ್ಲ. ಈಗ ಇದೇ ಕೆಟ್ಟ ನೊಣಗಳಿಗೆ ಮತ್ತೆ ಇಎಂಎಸ್ ಕುಡಿಸುತ್ತಾರೆ. ಕೆಟ್ಟದ್ದನ್ನು ಇನ್ನಷ್ಟು ಕೆಡಿಸುವುದು. ನಂತರದ ಪೀಳಿಗೆಯನ್ನು ಮಂಪರಿಗೆ ತಂದು ಬಿಳಿ ತಟ್ಟೆಯ ಮೇಲೆ ಸುರಿದರೆ ಸಾಲು ಸಾಲು ಎತ್ತಿದ ರೆಕ್ಕೆಗಳು. ಬ್ರಷ್ಷು ತಳ್ಳುತ್ತ ಹೋಗುತ್ತದೆ. ಎಲ್ಲೋ ಒಂದು ನೊಣ, ಅಕ್ಕಪಕ್ಕದವಕ್ಕೆ ಇರುವ ದೋಷವೇ ತನಗೂ ಇದ್ದು, ರೆಕ್ಕೆಗಳನ್ನು ಬೆನ್ನ ಮೇಲೆ ನೀಟಾಗಿ ಮಡಚಿಕೊಂಡು ಮಲಗಿದೆ. ಅಂಥ ಕೆಲವು ನೊಣಗಳಲ್ಲಿ ಎರಡನೇ ತಪ್ಪು ಸಿಕ್ಕಿದ್ದು ಮಯೋಸಿನ್ನಿನ ಜೀನಿನಲ್ಲೇ: ತಡೆಯುವ ಕೈ ಸೋತಿರುವ ಕಡೆ ಎಳೆಯುವ ಕೈಯೂ ಕೆಟ್ಟು, ಸ್ನಾಯು ಹರಿಯದೆ ಉಳಿದಿತ್ತು.